ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಹಾಕುವ ಮೊದಲೇ ಯೂರೋಪಿಯಂ ಹೊಳೆಯುತ್ತಿದೆ, ಏಕೆ?

ಪ್ರಶ್ನೆ: ಫ್ಲೋರೈಡ್ ಪತ್ತೆಗೆ ಯೂರೋಪಿಯಂ ಲೋಹದ ಹೊಳಪನ್ನು ಅಳೆಯುತ್ತಿದ್ದೇನೆ. ಸೈಕ್ಲೆನ್ ಚೌಕಟ್ಟು (ಲೋಹವನ್ನು ಹಿಡಿದಿಡುವ ಉಂಗುರದಂಥ ಅಣು), ಕ್ವಿನೊಲಿನ್ ಆಂಟೆನಾ (ಬೆಳಕು ಹೀರಿ ಲೋಹಕ್ಕೆ ದಾಟಿಸುವ ಭಾಗ), ಲೋಹಕ್ಕೆ ಎರಡು ನೀರಿನ ಅಣು ಅಂಟಿರುವ ಧನಾವೇಶದ ಯೂರೋಪಿಯಂ ಸಂಕೀರ್ಣ, 10 ಮೈಕ್ರೋಮೋಲಾರ್. ಹೆಪೆಸ್ ಬಫರಿನಲ್ಲಿ (ಪಿಹೆಚ್ ಅನ್ನು 7.4ರಲ್ಲೇ ನಿಲ್ಲಿಸುವ ದ್ರಾವಣ) ಫ್ಲೋರೈಡ್ ಹಾಕಿದಂತೆ 616 ನ್ಯಾನೋಮೀಟರ್ ಪೀಕ್ ಏರುತ್ತದೆ. ಪಾವಗಡದ ಬೋರ್‌ವೆಲ್ ನೀರಲ್ಲಿ ಮೊದಲೇ ಏರಿ ಕೂತಿದೆ, ಕದಲುತ್ತಿಲ್ಲ.

ಉತ್ತರ 1: ಬೈಕಾರ್ಬೊನೇಟ್ ಕಾಟ. ಬೋರ್‌ವೆಲ್ ನೀರಲ್ಲಿ ಅದು ಮಿಲಿಮೋಲಾರ್ ಲೆಕ್ಕದಲ್ಲಿರುತ್ತದೆ. ಎರಡೂ ನೀರಿನ ಅಣುಗಳನ್ನು ತಳ್ಳಿ ಕೂರುತ್ತದೆ. ನೀರಿನ ಓ-ಹೆಚ್ ಬಂಧದ ಕಂಪನ ಲೋಹದ ಶಕ್ತಿ ಕದಿಯುವುದು ನಿಂತರೆ ಹೊಳಪು ಏರಲೇಬೇಕು. ಸ್ಯಾಂಪಲ್ಲನ್ನು ಪಿಹೆಚ್ 4ಕ್ಕೆ ಇಳಿಸಿ, 20 ನಿಮಿಷ ನೈಟ್ರೋಜನ್ ಹಾಯಿಸಿ (ಬೈಕಾರ್ಬೊನೇಟ್ ಇಂಗಾಲದ ಡೈಆಕ್ಸೈಡ್ ಆಗಿ ಹೊರಹೋಗುತ್ತದೆ), ಆಮೇಲೆ ಸಂಕೀರ್ಣ ಮತ್ತು ಬಫರ್ ಸೇರಿಸಿ 7.4ಕ್ಕೆ ತನ್ನಿ. ಹಳೇ ಸೋಡಿಯಂ ಹೈಡ್ರಾಕ್ಸೈಡ್ ಬಾಟಲಿ ಮುಟ್ಟಬೇಡಿ, ಅದರಲ್ಲೇ ಕಾರ್ಬೊನೇಟ್ ಇರುತ್ತದೆ. ಫಾಸ್ಫೇಟ್ ಬಫರ್ ಅಂತೂ ಬೇಡವೇ ಬೇಡ, ಅದೂ ಲೋಹಕ್ಕೆ ಅಂಟುತ್ತದೆ.

ಪ್ರಶ್ನಿಸಿದವರು: ಸರಿ. 600ರ ಹತ್ತಿರ ಚೂಪಾದ ಪೀಕ್ ಒಂದಿದೆ, ಖಾಲಿ ಬಫರಿನಲ್ಲೂ ಬರುತ್ತಿದೆ.

ಉತ್ತರ 2: 300ರಲ್ಲಿ ಎಕ್ಸೈಟ್ ಮಾಡುತ್ತಿದ್ದೀರಾ? ಅದು ಗ್ರೇಟಿಂಗ್‌ನ (ಬಣ್ಣ ಬೇರ್ಪಡಿಸುವ ಗೆರೆಫಲಕದ) ಎರಡನೇ ಆರ್ಡರ್, ಅಂದರೆ ಚದುರಿದ 300ರ ಬೆಳಕೇ ಎರಡರಷ್ಟು ತರಂಗಾಂತರದಲ್ಲಿ ಕಾಣುತ್ತಿದೆ. ಎಮಿಷನ್ ಕಡೆ 400ರ ಲಾಂಗ್‌ಪಾಸ್ ಫಿಲ್ಟರ್ (400ಕ್ಕಿಂತ ಕಡಿಮೆ ತರಂಗಾಂತರ ತಡೆಯುವುದು) ಇಡಿ, ಅಥವಾ ಬೆಳಕಿನ ಮಿಂಚು ಮುಗಿದ ಮೇಲೆ 0.1 ಮಿಲಿಸೆಕೆಂಡ್ ತಡಮಾಡಿ ಅಳೆಯಿರಿ. 616ರ ತೀವ್ರತೆಯೊಂದನ್ನೇ ನಂಬದೆ ಯೂರೋಪಿಯಂನದೇ ಇನ್ನೊಂದು ಪೀಕ್ ಆದ 592ರ ಜೊತೆ ಅನುಪಾತ ನೋಡಿ. ಸಾಂದ್ರತೆಯ ಏರುಪೇರು ಅಲ್ಲೇ ಕಳೆದುಹೋಗುತ್ತದೆ.

ಉತ್ತರ 1: ಬಂಧಕ ಸ್ಥಿರಾಂಕವನ್ನೂ (ಸಂಕೀರ್ಣ ಫ್ಲೋರೈಡನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬ ಅಳತೆ) ನೋಡಿಕೊಳ್ಳಿ. ಲೀಟರಿಗೆ 1.5 ಮಿ.ಗ್ರಾಂ. ಫ್ಲೋರೈಡ್ ಅಂದರೆ ಬರೀ 79 ಮೈಕ್ರೋಮೋಲಾರ್. ಸ್ಥಿರಾಂಕ 1000 ಇದ್ದರೆ ಸುಮಾರು ಶೇ. 7ರಷ್ಟು ಸಂಕೀರ್ಣಕ್ಕೆ ಮಾತ್ರ ಫ್ಲೋರೈಡ್ ಹಿಡಿಯುತ್ತದೆ, ಸಿಗ್ನಲ್ ಕಾಣುವುದೇ ಕಷ್ಟ. ಕನಿಷ್ಠ 10,000 ಬೇಕು, ಅಂದರೆ ಲಿಗ್ಯಾಂಡನ್ನೇ (ಲೋಹವನ್ನು ಹಿಡಿದಿರುವ ಅಣುವನ್ನೇ) ಬದಲಿಸಬೇಕು.