ಪದಚರ್ಚೆ: ‘ಗುರುತಿಸು’, ‘ಗುರ್ತ ಹತ್ತು’, ‘ತೊಗೊಳ್ಳು’

ಎಲ್ಲರಿಗೂ ನಮಸ್ಕಾರ.

ಗದಗಿನಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇದೆ. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್ಲು ಇವೇ ಹೆಚ್ಚು. ಹೋದ ತಿಂಗಳು ಡಿಟಿಪಿ ಮಾಡುವ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟಿತು. ಹೊಸದನ್ನು ಹಾಕಿಸಿದೆವು. ಹಳೆಯ ನುಡಿ ಫಾಂಟಿನಲ್ಲಿ, ಪೇಜ್‌ಮೇಕರಿನಲ್ಲಿ ಮಾಡಿಟ್ಟ ಫೈಲುಗಳು ರಾಶಿ ಇರುವುದರಿಂದ ವಿಂಡೋಸ್ 7 ಅನ್ನೇ ಹಾಕಬೇಕಾಗಿತ್ತು. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ, ಹೀಗಾಗಿ ಆ ಯಂತ್ರಕ್ಕೆ ನಾವು ಇಂಟರ್ನೆಟ್ ಹಚ್ಚುವುದಿಲ್ಲ.

ಡಿಸ್ಕ್ ಹಾಕಿ ಶುರು ಮಾಡಿದಾಗ ತೊಡಕು ಬಂತು. ಬಯಾಸ್‌ನ (ವಿಂಡೋಸ್‌ಗಿಂತ ಮೊದಲು ಏಳುವ, ಬೋರ್ಡಿನೊಳಗಿನದೇ ಪ್ರೋಗ್ರಾಮು) ಪರದೆಯಲ್ಲಿ ಬಾಣದ ಕೀಲಿ ಒತ್ತಿದರೆ ಸಾಲುಗಳು ಕೆಳಗೆ ಮೇಲೆ ಸರಿಯುತ್ತಿದ್ದವು. ವಿಂಡೋಸ್‌ನ ನೀಲಿ ಪರದೆ ಬಂದು ಭಾಷೆ ಆಯ್ಕೆ ಮಾಡಿರಿ ಎಂದು ಕೇಳುವ ಹೊತ್ತಿಗೆ ನಮ್ ಲಾಕಿನ ಬತ್ತಿ ಆರಿತು, ಮೌಸಿನ ಹೊಟ್ಟೆಯ ಕೆಂಪು ಬೆಳಕೂ ಆರಿತು. ಬೋರ್ಡ್ ಕೊಟ್ಟ ಅಂಗಡಿಗೆ ಫೋನ್ ಹಚ್ಚಿ, ‘ಕಂಪ್ಯೂಟರ್ ಕೀಬೋರ್ಡನ್ನು ಗುರುತಿಸುತ್ತಿಲ್ಲ’ ಎಂದೆ. ‘ಕೀಬೋರ್ಡ್ ಕೆಟ್ಟಿರಬೇಕು, ಬ್ಯಾರೇದು ತೊಗೋರಿ’ ಎಂದರು. ತಂದೆ. ಅದೂ ಹಾಗೆಯೇ ಆಯಿತು.

ಮರುದಿನ ಹುಬ್ಬಳ್ಳಿಯಿಂದ ರಿಪೇರಿಯ ಹುಡುಗ ಬಂದ. ಎರಡು ಸಲ ಬಂದ್ ಮಾಡಿ ಚಾಲೂ ಮಾಡಿ ನೋಡಿದವನೇ ಹೇಳಿದ: ‘ಕಾಕಾ, ಬಯಾಸ್‌ನ್ಯಾಗ ಗುರ್ತ ಹತ್ತೇತಿ. ವಿಂಡೋಸ್ ತೊಗೊಳ್ಳವಲ್ದು. ಕೀಬೋರ್ಡಿಗೆ ಏನೂ ಆಗಿಲ್ರಿ.’

ಈ ಮಾತಿಗಾಗಿಯೇ ಇಷ್ಟು ಬರೆಯುತ್ತಿದ್ದೇನೆ. ನಾನು ‘ಗುರುತಿಸು’ ಎಂಬ ಒಂದೇ ಪದದಲ್ಲಿ ಕಟ್ಟಿ ಹಾಕಿದ್ದನ್ನು ಅವನು ಎರಡು ಕ್ರಿಯಾಪದಗಳಲ್ಲಿ ಬಿಡಿಸಿದ್ದ, ದೋಷ ಎಲ್ಲಿದೆ ಎಂಬುದೂ ಅದರಲ್ಲೇ ಇತ್ತು.

ಯುಎಸ್‌ಬಿ ಕೀಬೋರ್ಡ್ ಚುಚ್ಚಿದಾಗ ಒಳಗೆ ನಡೆಯುವುದು ಒಂದು ಕೆಲಸವಲ್ಲ. ಮೊದಲು 5 ವೋಲ್ಟಿನ ಕರೆಂಟು ಬರಬೇಕು. ಆಮೇಲೆ ಕೀಬೋರ್ಡ್ ತನ್ನೊಳಗಿನ ಒಂದು ರೆಸಿಸ್ಟರಿನ ಮೂಲಕ ಒಂದು ಡೇಟಾ ತಂತಿಯನ್ನು ಮೇಲೆತ್ತಿ ‘ಬಂದೆ’ ಎಂದು ತಿಳಿಸುತ್ತದೆ. ‘ಯಾರು ನೀನು?’ ಎಂದು ಆ ಕಡೆಯಿಂದ ಕೇಳಿದಾಗ ಎರಡು ಸಂಖ್ಯೆ ಹೇಳುತ್ತದೆ. ಒಂದು ತಯಾರಿಸಿದ ಕಂಪನಿಯದು, ಇನ್ನೊಂದು ಆ ಮಾದರಿಯದು. ಇಷ್ಟಾದರೂ ಅದರ ಮಾತು ಕೇಳುವ ಡ್ರೈವರ್ ಎಂಬ ಪ್ರೋಗ್ರಾಮು ಇಲ್ಲದಿದ್ದರೆ ಒತ್ತಿದ ಕೀಲಿ ಯಾರಿಗೂ ಮುಟ್ಟುವುದಿಲ್ಲ. ನಮ್ಮಲ್ಲಿ ಆದದ್ದು ಇನ್ನೂ ಒಂದು ಮೆಟ್ಟಿಲು ಹಿಂದಿನದು. ಬಯಾಸ್‌ಗೆ ತನ್ನದೇ ಸಣ್ಣ ಡ್ರೈವರ್ ಇರುತ್ತದೆ, ಅದಕ್ಕೆ ಅಲ್ಲಿ ಎಲ್ಲ ನಡೆಯಿತು. 2009ರ ವಿಂಡೋಸ್ 7 ಡಿಸ್ಕಿನಲ್ಲಿ ಇರುವುದು ಯುಎಸ್‌ಬಿ 2.0 ಕಾಲದ ಇಎಚ್‌ಸಿಐ ಕಂಟ್ರೋಲರಿನ (ಪೋರ್ಟುಗಳನ್ನು ನಡೆಸುವ ಭಾಗ) ಡ್ರೈವರ್. ಇಂಟೆಲ್ 2015ರಲ್ಲಿ ತಂದ 100 ಸರಣಿಯ ಚಿಪ್‌ಸೆಟ್‌ಗಳಿಂದ (ಮದರ್‌ಬೋರ್ಡಿನ ಮುಖ್ಯ ಚಿಪ್ಪು) ಆ ಕಂಟ್ರೋಲರನ್ನೇ ತೆಗೆದುಹಾಕಿತು. ಎಲ್ಲ ಪೋರ್ಟುಗಳೂ ಯುಎಸ್‌ಬಿ 3.0 ಕಾಲದ ಎಕ್ಸ್‌ಎಚ್‌ಸಿಐ ಎಂಬ ಕಂಟ್ರೋಲರಿನ ಕೈಕೆಳಗೆ ಬಂದವು, ಅದರ ಡ್ರೈವರ್ ಆ ಡಿಸ್ಕಿನಲ್ಲಿಲ್ಲ. ಯುಎಸ್‌ಬಿ 3.0ರ ನೀಲಿ ಪೋರ್ಟು ಬಿಟ್ಟು 2.0ರ ಕಪ್ಪು ಪೋರ್ಟಿಗೆ ಚುಚ್ಚಿದರೂ ಉಪಯೋಗವಾಗದೆ ಇದ್ದದ್ದು ಇದಕ್ಕೇ. ವಿಂಡೋಸ್‌ಗೆ ಬಾಗಿಲೇ ಕಾಣದಿರುವಾಗ ಬಾಗಿಲಲ್ಲಿ ನಿಂತವರು ಕಾಣುವುದು ಹೇಗೆ?

ಈಗ ಪದಗಳಿಗೆ ಬರುತ್ತೇನೆ.

‘ಗುರುತಿಸು’ ಎಂದಾಗ ಗುರುತಿಸುವವನೊಬ್ಬ ಬೇಕು. ‘ಗುರುತಿಸಲಾಗಿಲ್ಲ’ ಎಂದು ಬರೆದುಬಿಟ್ಟರೆ ಆ ಕರ್ತೃವೂ ಮಾಯವಾಗಿ, ಓದಿದವರ ಕಣ್ಣು ಕರ್ಮದ ಮೇಲೆ, ಅಂದರೆ ಬಡಪಾಯಿ ಕೀಬೋರ್ಡಿನ ಮೇಲೆ ನಿಲ್ಲುತ್ತದೆ. ನಾನು ಎರಡನೆಯ ಕೀಬೋರ್ಡ್ ಕೊಂಡದ್ದು ಈ ವಾಕ್ಯರಚನೆಯಿಂದಲೇ ಎಂದು ನನಗೆ ಖಾತ್ರಿಯಾಗಿದೆ.

‘ಗುರ್ತ ಹತ್ತು’ ಹಾಗಲ್ಲ. ನಮ್ಮ ಕಡೆ ಬಹಳ ದಿನಕ್ಕೆ ಕಂಡವರಿಗೆ ‘ನಿಮ್ಮ ಗುರ್ತ ಹತ್ತಲಿಲ್ಲ ನೋಡ್ರಿ’ ಎನ್ನುತ್ತೇವೆ. ಇಲ್ಲಿ ಯಾರದೂ ತಪ್ಪಿಲ್ಲ. ನಿದ್ದೆ ಹತ್ತುವ ಹಾಗೆ, ಬೆಂಕಿ ಹತ್ತುವ ಹಾಗೆ, ಹಾದಿ ಹತ್ತುವ ಹಾಗೆ ಗುರುತೂ ತಾನಾಗಿ ಹತ್ತಬೇಕು. ‘ಕಂಪ್ಯೂಟರಿಗೆ ಕೀಬೋರ್ಡಿನ ಗುರ್ತ ಹತ್ತಿಲ್ಲ’ ಎಂದಾಗ ದೋಷ ಎರಡರ ನಡುವೆ ಎಲ್ಲಾದರೂ ಇರಬಹುದು ಎಂಬ ಜಾಗ ಉಳಿಯುತ್ತದೆ. ಇದರ ಜೋಡಿ ‘ಹಚ್ಚು’. ದೀಪ ಹಚ್ಚುತ್ತೇವೆ, ಫೋನ್ ಹಚ್ಚುತ್ತೇವೆ, ಮಕ್ಕಳನ್ನು ಸಾಲಿಗೆ ಹಚ್ಚುತ್ತೇವೆ, ಮೊಬೈಲನ್ನು ಚಾರ್ಜಿಗೆ ಹಚ್ಚುತ್ತೇವೆ. ನಾವು ಹಚ್ಚುವುದು, ಅದು ಹತ್ತುವುದು. ಕನೆಕ್ಟ್ ಮಾಡು, ಡಿಟೆಕ್ಟ್ ಆಗು ಎಂಬ ಎರಡಕ್ಕೂ ಒಂದೇ ಬೇರಿನ ಇಷ್ಟು ಚಂದದ ಜೋಡಿ ನಮ್ಮ ಬಾಯಲ್ಲಿ ಇರುವಾಗ ‘ಸಂಪರ್ಕಿಸು’, ‘ಪತ್ತೆಹಚ್ಚು’ ಎಂದು ಬೇರೆ ಬೇರೆ ಕಡೆಯಿಂದ ಯಾಕೆ ತರಬೇಕು? (ಪತ್ತೆಹಚ್ಚುವುದರಲ್ಲೂ ಹಚ್ಚು ಇದೆ, ನಿಜ. ಆದರೆ ಆ ಪದ ಕೇಳಿದರೆ ಕಳ್ಳನ ನೆನಪಾಗುತ್ತದೆ.)

ಇನ್ನು ‘ತೊಗೊಳ್ಳವಲ್ದು’. ಬೆಂಗಳೂರು, ಮೈಸೂರಿನ ಗೆಳೆಯರು ಇದನ್ನು ‘ತೆಗೆದುಕೊಳ್ಳುವುದಿಲ್ಲ’ ಎಂದು ಓದಿಕೊಳ್ಳಬಾರದು. ಈ ‘ವಲ್ದು’ ಹುಟ್ಟಿದ್ದು ‘ಒಲ್ಲದು’ ಎಂಬುದರಿಂದ, ಒಪ್ಪದು ಎಂಬ ಅರ್ಥ. ಆದರೆ ಈಗ ಅದಕ್ಕೆ ಮನಸ್ಸಿನ ಗೊಡವೆ ಇಲ್ಲ. ‘ಮಳಿ ಬರವಲ್ದು’, ‘ಬಾಗಿಲ ತೆರಿವಲ್ದು’ ಎನ್ನುತ್ತೇವೆ, ಮಳೆಗೂ ಬಾಗಿಲಿಗೂ ಹಟವಿಲ್ಲ. ‘ಮಳಿ ಬರೂದಿಲ್ಲ’ ಎಂದರೆ ತೀರ್ಪು, ಇನ್ನು ಕಾಯುವುದೂ ಬೇಡ. ‘ಬರವಲ್ದು’ ಎಂದರೆ ಕಾಯುತ್ತಿದ್ದೇವೆ, ಇನ್ನೂ ಬಂದಿಲ್ಲ. ರಿಪೇರಿಯವನಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ‘ವಿಂಡೋಸ್ ತೊಗೊಳ್ಳೂದಿಲ್ಲ’ ಎಂದಿದ್ದರೆ ಈ ಬೋರ್ಡಿಗೆ ಇದು ಹೊಂದುವುದೇ ಇಲ್ಲ, ವಾಪಸ್ ಕೊಡಿರಿ ಎಂದು ಅರ್ಥವಾಗುತ್ತಿತ್ತು. ‘ತೊಗೊಳ್ಳವಲ್ದು’ ಎಂದದ್ದರಿಂದ ಅವನು ಇನ್ನೂ ಕೈ ಬಿಟ್ಟಿಲ್ಲ ಎಂದು ನನಗೆ ತಿಳಿಯಿತು. ಬರಹದ ಕನ್ನಡದಲ್ಲಿ ‘ಆಗುತ್ತಿಲ್ಲ’ ಇದರ ಹತ್ತಿರ ಬರುತ್ತದೆ, ಆದರೆ ಮತ್ತೆ ಮತ್ತೆ ಪ್ರಯತ್ನ ಮಾಡಿ ನೋಡಿದ್ದು ಅದರಲ್ಲಿ ಕೇಳಿಸುವುದಿಲ್ಲ.

ಕೊನೆಗೆ ಕೆಲಸವಾದದ್ದು ಬೋರ್ಡಿನ ಹಿಂದಿದ್ದ ದುಂಡನೆಯ ಪೋರ್ಟಿನಿಂದ. ಐಬಿಎಂ 1987ರಲ್ಲಿ ತಂದ ಪಿಎಸ್/2 ಅದು, ಒಳಗೆ ಆರು ಪಿನ್ನು; ಕೀಬೋರ್ಡಿಗೆ ನೇರಳೆ ಬಣ್ಣ, ಮೌಸಿಗೆ ಹಸಿರು. ಅಟ್ಟದ ಮೇಲಿಂದ ಹಳೆಯ ಕೀಬೋರ್ಡ್ ಇಳಿಸಿ, ಧೂಳು ಒರೆಸಿ, ಯಂತ್ರ ಬಂದ್ ಇದ್ದಾಗಲೇ ಹಚ್ಚಿದ. ಚಾಲೂ ಇರುವಾಗ ಹಚ್ಚಿದರೆ ಇದರ ಗುರುತು ಹತ್ತುವ ಭರವಸೆ ಇಲ್ಲ, ಪೋರ್ಟಿಗೂ ಒಳ್ಳೆಯದಲ್ಲ. ಅದರಿಂದ ವಿಂಡೋಸ್ ಕೂಡಿಸಿ, ಬೋರ್ಡಿನ ಸಿಡಿಯಿಂದ ಯುಎಸ್‌ಬಿ 3.0 ಡ್ರೈವರ್ ಹಾಕಿದ. ಯಂತ್ರ ಮತ್ತೆ ಚಾಲೂ ಆದಾಗ ಮೌಸಿನ ಕೆಂಪು ಬತ್ತಿ ಹತ್ತಿತು. ‘ತೊಗೊಂತು’ ಎಂದ, ಅಷ್ಟೇ. ದುಂಡನೆಯ ಪೋರ್ಟ್ ಇಲ್ಲದ ಬೋರ್ಡಾದರೆ, ಆ ಡ್ರೈವರನ್ನು ಮೊದಲೇ ಪೆನ್‌ಡ್ರೈವಿನ ವಿಂಡೋಸ್ ಒಳಗೆ ಸೇರಿಸಿಕೊಂಡು ಹಾಕಬೇಕಂತೆ.

ನಮ್ಮ ಹಾಗೆ ಹಳೆಯ ಫೈಲು ಬಿಡಲಾಗದ ಪ್ರೆಸ್ಸುಗಳು ಗದಗಿನಲ್ಲಿ ಇನ್ನೂ ಇವೆ. ಅವರಿಗಾಗಿ ಒಂದು ಪುಟದ ಸೂಚನೆ ಅಚ್ಚು ಹಾಕಿ ಹಂಚಬೇಕೆಂದಿದ್ದೇನೆ. ಅದರ ಮುಖ್ಯ ಸಾಲು ಸದ್ಯಕ್ಕೆ ಹೀಗಿದೆ:

‘ಬಯಾಸ್‌ನಲ್ಲಿ ಕೀಬೋರ್ಡಿನ ಗುರುತು ಹತ್ತಿ, ವಿಂಡೋಸ್ ಅದನ್ನು ತೊಗೊಳ್ಳದೆ ಇದ್ದರೆ ಕೀಬೋರ್ಡ್ ಬದಲಿಸಬೇಡಿರಿ. ದುಂಡು ಪಿನ್ನಿನದನ್ನು ಹಚ್ಚಿ ಡ್ರೈವರ್ ಹಾಕಿರಿ.’

ಡ್ರೈವರಿಗೆ ‘ಚಾಲಕ’ ಎಂದು ಬರೆಯುವ ಮನಸ್ಸಿಲ್ಲ. ಅದನ್ನು ಓದಿ ಅರ್ಥ ಮಾಡಿಕೊಳ್ಳುವ ಒಬ್ಬ ಮೆಕ್ಯಾನಿಕ್ಕೂ ನನಗೆ ಸಿಕ್ಕಿಲ್ಲ.

ನಿಮ್ಮನ್ನು ಕೇಳಬೇಕಾದದ್ದು ಮೂರು. ಹಾವೇರಿ, ರಾಣೆಬೆನ್ನೂರು ಕಡೆ ‘ಗುರ್ತ ಹತ್ತು’ ಇದೆಯೋ, ‘ಗುರ್ತ ಸಿಗು’ ಹೆಚ್ಚೋ? ಧಾರವಾಡದವರಲ್ಲಿ ಯಾರಾದರೂ ‘ವಲ್ದು’ ರೂಪವನ್ನು ಅಚ್ಚಿನ ಸೂಚನೆಗಳಲ್ಲಿ ಬಳಸಿದ್ದೀರಾ, ಬಳಸಿದ್ದರೆ ಅಕ್ಷರ ಹೇಗೆ ಬರೆದಿರಿ: ‘ತೊಗೊಳ್ಳವಲ್ದು’ ಎಂದೋ, ‘ತೊಗೊಳ್ಳಲೊಲ್ಲದು’ ಎಂದು ಬಿಡಿಸಿಯೋ? ಕೊನೆಯದು ದಕ್ಷಿಣದವರಿಗೆ. ನನ್ನ ಆ ಸಾಲಿನ ‘ತೊಗೊಳ್ಳದೆ’ ಓದಿದಾಗ ನಿಮಗೆ ಯಂತ್ರ ಬೇಡ ಅಂದ ಹಾಗೆ ಕೇಳಿಸುತ್ತದೆಯೋ, ಅದಕ್ಕೆ ಆಗಲಿಲ್ಲ ಎಂದು ಕೇಳಿಸುತ್ತದೆಯೋ?