ಕೊಸರಿಗೊಂದು ತೋಟ

"ಇದು ಬದನೆಕಾಯಿ" ಎಂದ ಗಿರಿ.

"ಗೊತ್ತಾಯಿತು, ತೊಟ್ಟಿದೆಯಲ್ಲ" ಎಂದರು ಸರೋಜಕ್ಕ.

ಮೈಸೂರಿನ ಕುವೆಂಪುನಗರ, ಗಿರಿಯ ಮನೆಯ ತಾರಸಿ, ಭಾನುವಾರದ ಬೆಳಿಗ್ಗೆ. ಎಲ್ಲರನ್ನೂ 'ಕೊಯ್ಲಿಗೆ ಬನ್ನಿ' ಎಂದು ಕರೆದಿದ್ದ. ಮೂರ್ತಿಗಳು ಕೈಚೀಲ ಹಿಡಿದೇ ಬಂದಿದ್ದರು. ವಾಸು ಎಂದಿನಂತೆ ಮೊಬೈಲ್ ಹಿಡಿದು ಬಂದಿದ್ದ. ಕೊಯ್ಯುವುದಕ್ಕೆ ಜನ ಸಾಕಷ್ಟಿದ್ದರು. ಬದನೆಕಾಯಿ ಮಾತ್ರ ಒಂದೇ.

"ಉಳಿದ ಗಿಡಗಳಿಗೆ ಏನಾಯಿತಪ್ಪ?" ಎಂದರು ಮೂರ್ತಿಗಳು, ಚೀಲ ಮಡಚುತ್ತಾ.

"ಬಿಳಿ ಹಿಟ್ಟು ತಿಗಣೆ ಸಾರ್. ಬೇವಿನ ಎಣ್ಣೆ ಹೊಡೆದೆ."

"ಹೋಯಿತಾ?"

"ಇಲ್ಲ. ಈಗ ತಿಗಣೆಗಳಿಗೆ ಸ್ವಲ್ಪ ಹೊಳಪು ಬಂದಿದೆ."

ಮೂರ್ತಿಗಳು ಬ್ಯಾಂಕಿನಲ್ಲಿದ್ದವರು. ನಿವೃತ್ತಿಯಾಗಿದ್ದು ಅವರು ಮಾತ್ರ, ಅವರ ತಲೆ ಇನ್ನೂ ಕೌಂಟರಿನಲ್ಲೇ ಕೂತಿದೆ. ಹಸಿರು ಪರದೆ, ಗ್ರೋ ಬ್ಯಾಗು, ಹನಿ ನೀರಾವರಿಯ ಕಿಟ್ಟು, ಮಣ್ಣಿನ ತೇವ ಅಳೆಯುವ ಕಡ್ಡಿ ಎಲ್ಲದರ ಮೇಲೂ ಕಣ್ಣಾಡಿಸಿದರು. ತಾರಸಿ ಸೋರಬಾರದೆಂದು ಬಳಿಸಿದ್ದ ಬಣ್ಣವನ್ನು ಕಾಲಿನಿಂದ ಉಜ್ಜಿ ನೋಡಿದರು.

"ಎಲ್ಲಾ ಸೇರಿ ಇಪ್ಪತ್ತು ಸಾವಿರ ದಾಟಿರಬೇಕು."

"ಅದು ಖರ್ಚಲ್ಲ ಸಾರ್, ಬಂಡವಾಳ. ಮುಂದೆ ತರಕಾರಿಗೆ ದುಡ್ಡೇ ಕೊಡುವ ಹಾಗಿಲ್ಲ. ಉಳಿತಾಯ!"

"ಬಂಡವಾಳ ಹಾಕಿ ಮಾಡುವುದು ವ್ಯಾಪಾರ ಕಣೋ" ಎಂದರು ಸರೋಜಕ್ಕ. "ಉಳಿತಾಯ ಮಾಡುವವರ ಹತ್ತಿರ ಬಂಡವಾಳ ಇರುವುದಿಲ್ಲ. ಅದಕ್ಕೇ ಉಳಿತಾಯ ಮಾಡುತ್ತಾರೆ."

ಗಿರಿಗೆ ಈ ಹುಚ್ಚು ಹಿಡಿದದ್ದು 2023ರ ಜುಲೈನಲ್ಲಿ. ಟೊಮೇಟೊ ಕಿಲೋಗೆ ನೂರು ದಾಟಿದ್ದ ಕಾಲ. ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋದ ಒಂದು ಬಾಕ್ಸು 2000 ರೂಪಾಯಿಗೂ ಮೇಲೆ ಹೋಗಿತ್ತು. ಟೊಮೇಟೊ ತೋಟಕ್ಕೆ ಜನ ರಾತ್ರಿ ಕಾವಲು ಕೂತಿದ್ದರು. ಆಗ ಗಿರಿ ಸಸಿ ತಂದು ನೆಟ್ಟ. ಚೆನ್ನಾಗಿಯೇ ಬಂದವು, ಸುಳ್ಳು ಹೇಳಬಾರದು. ಸೆಪ್ಟೆಂಬರಿನಲ್ಲಿ ಅವನ ಗಿಡದಲ್ಲಿ ಮೊದಲ ಹಣ್ಣು ಕೆಂಪಾಗುವ ಹೊತ್ತಿಗೆ ಪೇಟೆಯಲ್ಲಿ ಬೆಲೆ ಬಿದ್ದುಹೋಗಿತ್ತು. ಕೊಯ್ಯುವ ಕೂಲಿಯೂ ಹುಟ್ಟುವುದಿಲ್ಲ ಎಂದು ರೈತರು ತಲೆ ಮೇಲೆ ಕೈ ಹೊತ್ತಿದ್ದರು.

"ಅವತ್ತೇ ನಿನಗೆ ಬುದ್ಧಿ ಬರಬೇಕಿತ್ತು" ಎಂದರು ಮೂರ್ತಿಗಳು.

"ಬಂತಲ್ಲ ಸಾರ್. ಟೊಮೇಟೊ ಬಿಟ್ಟು ಬದನೆಗೆ ಬಂದೆ."

"ಈರನಗೆರೆ ಬದನೆಗೆ ಹೆಸರಾದ ಮೈಸೂರಿನಲ್ಲಿ ಕೂತು!" ಎಂದರು ಸರೋಜಕ್ಕ. "ಅದೇನದು ಕಂದು ಬಣ್ಣದ ಇಟ್ಟಿಗೆ?"

"ಕೋಕೋಪೀಟ್ ಅಕ್ಕ. ಮಣ್ಣಿನ ಬದಲು. ನೀರಿನಲ್ಲಿ ನೆನೆಸಿದರೆ ಉಬ್ಬುತ್ತದೆ."

"ತೆಂಗಿನ ನಾರಿನ ಪುಡಿ ತಾನೆ? ತಿಪಟೂರು, ಅರಸೀಕೆರೆ ಕಡೆ ನಾರು ತೆಗೆದ ಮೇಲೆ ರಸ್ತೆ ಬದಿ ಗುಡ್ಡೆ ಹಾಕಿರುತ್ತಿದ್ದರು. ಯಾರೂ ಮೂಸುತ್ತಿರಲಿಲ್ಲ. ಹೆಸರು ಬದಲಾಯಿಸಿದ ಕೂಡಲೇ ಉಬ್ಬಿದೆ ನೋಡು, ಬೆಲೆ. ನೀರೂ ಬೇಕಾಗಿಲ್ಲ."

ವಾಸು ಫೋಟೋ ತೆಗೆಯುತ್ತಿದ್ದವನು ತಲೆ ಎತ್ತಿದ. "ಸುಮ್ನೆ ಗೇಲಿ ಮಾಡಬೇಡಿ ಅಕ್ಕ. ಏನೂ ಬೆಳೆದಿಲ್ಲ ಅನ್ನೋ ಹಾಗಿಲ್ಲ. ಈ ಕಡೆ ನೋಡಿ, ಎಷ್ಟು ಸೊಂಪಾಗಿದೆ!"

ನಿಜ. ಒಂದು ಸಾಲು ಸೊಂಪಾಗಿತ್ತು. ಸರೋಜಕ್ಕ ಹತ್ತಿರ ಹೋಗಿ ಒಂದೊಂದನ್ನೇ ಮುಟ್ಟಿ ನೋಡಿದರು. ಕರಿಬೇವು. ಕೊತ್ತಂಬರಿ. ಪುದೀನ. ನಾಲ್ಕು ಹಸಿಮೆಣಸಿನ ಗಿಡ. ತಿರುಗಿ ಬರುವಾಗ ಅವರ ಮುಖದಲ್ಲಿ ಒಂದು ನಗು ಇತ್ತು. ಗಿರಿಗೆ ಆ ನಗುವಿನ ಪರಿಚಯವಿದೆ. ಎರಡು ಹೆಜ್ಜೆ ಹಿಂದೆ ಸರಿದ.

"ಗಿರಿ, ನೀನು ಇಪ್ಪತ್ತು ಸಾವಿರ ಹಾಕಿ ಬೆಳೆದಿರುವುದು ಕೊಸರು ಕಣೋ!"

ಮೂರ್ತಿಗಳು ಮೊದಲು ನಕ್ಕರು. ಆಮೇಲೆ ಗಿರಿಯೂ ನಕ್ಕ. ವಾಸುಗೆ ಮಾತ್ರ ಅರ್ಥವಾಗಲಿಲ್ಲ.

"ಎಂ.ಜಿ. ರಸ್ತೆ ಮಾರ್ಕೆಟ್ಟಿನಲ್ಲಿ ಅರ್ಧ ಕಿಲೋ ಹುರುಳಿಕಾಯಿ ತಗೋ" ಎಂದು ಪಾಠ ಶುರು ಮಾಡಿದರು ಸರೋಜಕ್ಕ. "ದುಡ್ಡು ಕೊಡು. ದುಡ್ಡು ಕೊಡುವ ಮುಂಚೆ ಕೇಳಬಾರದು, ಅದು ಚೌಕಾಸಿ ಆಗುತ್ತದೆ. ಕೊಟ್ಟಾದ ಮೇಲೆ ಚೀಲದ ಬಾಯಿ ತೆರೆದು ಹಾಗೇ ನಿಂತುಕೋ. ಬಾಯಿ ಬಿಡುವುದು ಬೇಡ, ಚೀಲ ಬಿಟ್ಟರೆ ಸಾಕು. ಆಯಮ್ಮ ಗೊಣಗುತ್ತಾಳೆ. ಗೊಣಗಲಿ. ಗೊಣಗುತ್ತಲೇ ಎರಡು ಎಸಳು ಕರಿಬೇವು, ನಾಲ್ಕು ಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಹಾಕುತ್ತಾಳೆ. ಅದು ಕೊಸರು. ಈ ತೋಟದ ಪೂರಾ ಬೆಳೆ ಅವಳ ಒಂದು ಗೊಣಗಾಟಕ್ಕೆ ಸಮ."

"ನನ್ನ ಆ್ಯಪಿನಲ್ಲೂ ಕೊತ್ತಂಬರಿ ಫ್ರೀ ಕೊಡ್ತಾರೆ" ಎಂದ ವಾಸು.

"ಹೌದಾ? ಯಾವಾಗ?"

"ಇನ್ನೂರು ರೂಪಾಯಿ ಮೇಲೆ ತಗೊಂಡರೆ. ಡೆಲಿವರಿನೂ ಫ್ರೀ. ನಿನ್ನೆ ಎಂಬತ್ತು ರೂಪಾಯಿ ತರಕಾರಿ ಇತ್ತು. ಸುಮ್ನೆ ಮೂವತ್ತು ರೂಪಾಯಿ ಡೆಲಿವರಿಗೆ ಯಾಕೆ ಕೊಡಬೇಕು ಅಂತ ಚಿಪ್ಸು, ಐಸ್‌ಕ್ರೀಮ್ ಸೇರಿಸಿದೆ."

"ಮೂವತ್ತು ಉಳಿಸಲು ನೂರಿಪ್ಪತ್ತು ಕೊಟ್ಟೆ" ಎಂದರು ಮೂರ್ತಿಗಳು. ಅವರ ಮುಖದಲ್ಲಿ ನಿಜವಾದ ನೋವು ಕಾಣುತ್ತಿತ್ತು.

"ನೀವೇನು ಕಮ್ಮಿ ಮೂರ್ತಿಗಳೇ?" ಸರೋಜಕ್ಕ ಅವರ ಕಡೆ ತಿರುಗಿದರು. "ಕಿಲೋಗೆ ಎರಡು ರೂಪಾಯಿ ಕಡಿಮೆ ಅಂತ ಬಂಡಿಪಾಳ್ಯದ ಎಪಿಎಂಸಿಗೆ ಕಾರು ಹತ್ತಿಕೊಂಡು ಹೋಗಿ ಈರುಳ್ಳಿ ಮೂಟೆ ತಂದಿರಲ್ಲ? ಮನೆಯಲ್ಲಿ ಇರುವುದು ಇಬ್ಬರು."

"ಅದು ಹೋಲ್‌ಸೇಲ್ ರೇಟು..."

"ಮೂಟೆಯಲ್ಲೇ ಮೊಳಕೆ ಬಂದಿತ್ತು. ಆ ಲೆಕ್ಕದಲ್ಲಿ ನಿಮ್ಮ ಸ್ಟೋರ್ ರೂಮಿನ ಬೇಸಾಯ ಗಿರಿಯದಕ್ಕಿಂತ ಚೆನ್ನಾಗಿದೆ. ಕೋಕೋಪೀಟೂ ಬೇಕಾಗಲಿಲ್ಲ."

ಲಲಿತ ಕಾಫಿ ತಂದಳು. ಜೊತೆಗೆ ಒಂದು ತಟ್ಟೆಯಲ್ಲಿ ದೋಸೆ, ಹೀರೇಕಾಯಿ ಸಿಪ್ಪೆಯ ಚಟ್ನಿ. ಹೀರೇಕಾಯಿ ತಾರಸಿಯದಾ ಎಂದು ಮೂರ್ತಿಗಳು ಕೇಳಿದರು. "ಇಲ್ಲ, ಗಾಡಿಯವನದು. ತಾರಸಿದು ಆಗಿದ್ದರೆ ಸಿಪ್ಪೆ ಮಾತ್ರ ಇರುತ್ತಿತ್ತು" ಎಂದಳು ಲಲಿತ, ಗಂಡನ ಮುಖ ನೋಡದೆ.

"ಇದನ್ನು ಈಗ ಝೀರೋ ವೇಸ್ಟ್ ಅಡುಗೆ ಅಂತಾರೆ" ಎಂದ ವಾಸು ಚಟ್ನಿ ನೆಕ್ಕುತ್ತಾ. "ಬೆಂಗಳೂರಿನಲ್ಲಿ ವರ್ಕ್‌ಶಾಪ್ ಮಾಡ್ತಾರೆ. ಕಲ್ಲಂಗಡಿಯ ಬಿಳಿ ಭಾಗದ ದೋಸೆ, ಬಾಳೆಕಾಯಿ ಸಿಪ್ಪೆ ಪಲ್ಯ, ಹಲಸಿನ ಬೀಜದ ಸಾರು ಎಲ್ಲ ಹೇಳಿಕೊಡ್ತಾರೆ. ಫೀಸು ಸ್ವಲ್ಪ ಜಾಸ್ತಿ."

"ಆ ವರ್ಕ್‌ಶಾಪಿಗೆ ನಾನು ಮದುವೆಯಾಗಿ ಸೇರಿದೆ. ನಮ್ಮತ್ತೆ ನಡೆಸುತ್ತಿದ್ದರು. ಫೀಸು ನಮ್ಮಪ್ಪ ಕಟ್ಟಿದ್ದರು."

ಇಷ್ಟು ಹೇಳಿ ಸರೋಜಕ್ಕ ಕಾಫಿ ಕುಡಿದರು. ಆಮೇಲೆ ಅವರ ಮಾತು ಬಸ್ಸಾರಿನ ಕಡೆ ಹೊರಳಿತು. ಬಸ್ಸಾರಿನ ಕಡೆ ಹೋದರೆ ಅವರು ಬೇಗ ವಾಪಸು ಬರುವವರಲ್ಲ.

"ಒಂದು ಕಟ್ಟು ದಂಟಿನ ಸೊಪ್ಪು, ಒಂದು ಹಿಡಿ ಅಲಸಂದೆ ಕಾಳು. ಬೇಯಿಸಿ ನೀರು ಬಸಿ. ಆ ನೀರಿಗೆ ಹುರಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು, ಬೆಂದ ಸೊಪ್ಪೇ ಎರಡು ಚಮಚ ರುಬ್ಬಿ ಹಾಕು. ಸಾರಾಯಿತು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಡು. ಪಲ್ಯವಾಯಿತು. ಮುದ್ದೆ ತಿರುಗಿಸು. ಏಳು ಜನರ ಮನೆ ಒಂದು ಕಟ್ಟು ಸೊಪ್ಪಿನಲ್ಲಿ ಮುಗಿಯಿತು. ಮಾರನೆಯ ದಿನ ಸಾರು ಕುದಿಸಿದರೆ ರುಚಿ ಇನ್ನೂ ಜಾಸ್ತಿ. ಇದನ್ನು ಕಂಡುಹಿಡಿದವಳು ಮಂಡ್ಯದವಳೋ ಮೈಸೂರಿನವಳೋ, ಅರ್ಥಶಾಸ್ತ್ರದ ಪುಸ್ತಕದಲ್ಲಿ ಅವಳ ಹೆಸರಿಲ್ಲ."

"ಹಾಗಾದರೆ ಮನೆಯಲ್ಲಿ ಬೆಳೆಯುವುದೇ ತಪ್ಪಾ?" ಗಿರಿ ಕೊನೆಗೂ ಕೆರಳಿದ. "1965ರಲ್ಲಿ ದೇಶಕ್ಕೆ ಅನ್ನ ಇಲ್ಲದಾಗ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರೇ ದೆಹಲಿಯ ತಮ್ಮ ಮನೆಯ ಹುಲ್ಲುಹಾಸು ಉತ್ತು ಬೆಳೆ ಹಾಕಿದ್ದರು. ಗೊತ್ತಾ?"

"ಅವರು ನೆಲ ಉತ್ತರು. ಗ್ರೋ ಬ್ಯಾಗ್ ತರಿಸಲಿಲ್ಲ."

"ವಾರಕ್ಕೆ ಒಂದು ಹೊತ್ತು ಊಟ ಬಿಡಿ ಎಂದೂ ಕೇಳಿದ್ದರು" ಎಂದರು ಮೂರ್ತಿಗಳು. "ನಾನಾಗ ಮಿಡ್ಲ್ ಸ್ಕೂಲು. ಸೋಮವಾರ ರಾತ್ರಿ ನಮ್ಮ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ನಮಗೆಲ್ಲ ಎಂಥ ಹೆಮ್ಮೆ! ದೇಶಕ್ಕಾಗಿ ಉಪವಾಸ! ಅಪ್ಪ ಜೋರಾಗಿ ಶಾಸ್ತ್ರಿಯವರ ಭಾಷಣ ಹೇಳುತ್ತಿದ್ದರು."

"ಅಮ್ಮ?"

"ಅಮ್ಮನಿಗೇನೂ ಕಷ್ಟವಾಗಲಿಲ್ಲ. ಅವರಿಗೆ ಮೊದಲೇ ಅಭ್ಯಾಸ. ಸೋಮವಾರ, ಗುರುವಾರ, ಶನಿವಾರ ಒಪ್ಪತ್ತು. ಏಕಾದಶಿ, ಸಂಕಷ್ಟಿ ಬೇರೆ."

"ಅದು ಯಾರಿಗಾಗಿ?"

"ದೇವರಿಗೆ ಅನ್ನುತ್ತಿದ್ದರು."

"ಮಕ್ಕಳು ಎಷ್ಟು ಜನ ನೀವು?"

"ಏಳು ಜನ" ಎಂದರು ಮೂರ್ತಿಗಳು. ಲೆಕ್ಕದಲ್ಲಿ ಅವರದು ಮಿಂಚಿನ ವೇಗ. ಆದರೂ ಈ ಲೆಕ್ಕ ಇಷ್ಟು ವರ್ಷ ಅವರಿಗೆ ಹೊಳೆದೇ ಇರಲಿಲ್ಲವೇನೋ. ಕಾಫಿ ಲೋಟವನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡರು. ಒಳಗೆ ಕಾಫಿ ಇರಲಿಲ್ಲ.

ಸರೋಜಕ್ಕನಿಗೂ ಮಾತು ಎಲ್ಲಿಗೋ ಹೋಯಿತು ಅನ್ನಿಸಿರಬೇಕು. "ನಾನೂ ಬಸ್ಸಾರು ಅಂತ ಹೊಗಳಿದೆ. ನಮ್ಮತ್ತೆ ಕೊನೆಯಲ್ಲಿ ಊಟಕ್ಕೆ ಕೂರುವ ಹೊತ್ತಿಗೆ ಪಲ್ಯ ಉಳಿದದ್ದು ನಾನಂತೂ ನೋಡಿಲ್ಲ. ಬಸಿದ ನೀರು ಮಾತ್ರ ಇರುತ್ತಿತ್ತು" ಎಂದರು. "ಆ ಮಾರ್ಕೆಟ್ಟಿನವಳ ಕೊಸರು ತಾನೆ ಎಲ್ಲಿಂದ ಬಂತು? ಬೆಳಗಿನ ಜಾವ ಎದ್ದು ಕಟ್ಟಿಗೆ ಇಷ್ಟು ಅಂತ ಅವಳೂ ದುಡ್ಡು ಕೊಟ್ಟೇ ತಂದಿರುತ್ತಾಳೆ. ನಾವು ಚೀಲದ ಬಾಯಿ ತೆರೆದು ನಿಲ್ಲುತ್ತೇವೆ."

"ಹಾಗಾದರೆ ಕೊಸರು ಬೆಳೆಯುವುದು ಒಳ್ಳೆಯದೇ ಆಯಿತಲ್ಲ!" ಗಿರಿಗೆ ಜೀವ ಬಂತು. "ಆಯಮ್ಮನಿಗೆ ನಷ್ಟ ತಪ್ಪಿಸಿದೆ!"

"ನೀನು ಅವಳ ಹತ್ತಿರ ಹುರುಳಿಕಾಯಿ ಕೊಳ್ಳುವುದನ್ನೇ ಬಿಟ್ಟೆಯಲ್ಲೋ. ಇನ್ನೆಂಥ ನಷ್ಟ ತಪ್ಪಿಸುವುದು?"

ಇದಕ್ಕೆ ಗಿರಿಯ ಬಳಿ ಉತ್ತರವಿರಲಿಲ್ಲ. ಬದನೆಕಾಯಿ ಕಿತ್ತು ಮೂರ್ತಿಗಳ ಚೀಲಕ್ಕೆ ಹಾಕಿದ. ಸಮಾಧಾನಕ್ಕೋ, ಮಾತು ಮುಗಿಸಲಿಕ್ಕೋ. ಮೂರ್ತಿಗಳು ಬೇಡ ಅನ್ನಲಿಲ್ಲ. ಇಪ್ಪತ್ತು ಸಾವಿರದ ಬದನೆಕಾಯಿ ಬೇಡ ಎನ್ನಲು ಅವರಿಗೇನು ಹುಚ್ಚೇ?

ಮೆಟ್ಟಿಲಿಳಿಯುವಾಗ ನೀರಿನ ಟ್ಯಾಂಕಿನ ಮೂಲೆಯಲ್ಲಿ ಸರೋಜಕ್ಕ ನಿಂತರು. ತುಕ್ಕು ಹಿಡಿದ ಹಳೆಯ ಪೇಂಟ್ ಡಬ್ಬ. ಅದರಲ್ಲಿ ಎದೆಯೆತ್ತರದ ಚಕ್ರಮುನಿ ಗಿಡ, ಕಡು ಹಸಿರು ಎಲೆ, ಒಂದೂ ಹುಳ ಇಲ್ಲ. ಹನಿ ನೀರಾವರಿಯ ಪೈಪು ಆ ಕಡೆಗೆ ಹೋಗಿಯೇ ಇರಲಿಲ್ಲ.

"ಇದು ಯಾರದು?"

"ನಂದು" ಎಂದಳು ಲಲಿತ. "ಪಕ್ಕದ ಮನೆಯವರು ಒಂದು ಕಡ್ಡಿ ಮುರಿದು ಕೊಟ್ಟಿದ್ದರು, ಚುಚ್ಚಿದೆ. ಅಕ್ಕಿ ತೊಳೆದ ನೀರು ಹಾಕುತ್ತೇನೆ. ವಾರಕ್ಕೆರಡು ಸಲ ತಂಬುಳಿಗೋ ಪಲ್ಯಕ್ಕೋ ಆಗುತ್ತದೆ."

ಸರೋಜಕ್ಕ ಗಿರಿಯನ್ನು ನೋಡಿದರು. ಗಿರಿ ಆಕಾಶ ನೋಡಿದ.

"ನನಗೂ ಒಂದು ಕಡ್ಡಿ ಕೊಡೇ ಲಲಿತ. ಕೈತೊಳೆಯುವ ಕಲ್ಲಿನ ಪಕ್ಕ ಚುಚ್ಚಿಬಿಡುತ್ತೇನೆ."

"ಅಯ್ಯೋ, ಹಾಗೆಲ್ಲ ಚುಚ್ಚಬೇಡಿ ಅಕ್ಕ" ಎಂದು ಗಿರಿ ಮೊಬೈಲ್ ತೆಗೆದ. "ಬೇರು ಬರಿಸುವ ಪುಡಿ ಸಿಗುತ್ತದೆ, ಗ್ರೋ ಬ್ಯಾಗಿನ ಜೊತೆ ಆಫರ್ ಇದೆ. ಲಿಂಕ್ ಕಳಿಸುತ್ತೇನೆ ಇರಿ."