ಸೀಸದಿಂದ ತಾಮ್ರಕ್ಕೆ ಬಂದ ಮೇಲೆ ಮೂರು ರೈಫಲ್‌ಗಳೂ ಕೈಕೊಡುತ್ತಿವೆ: ಪರೀಕ್ಷೆಯಲ್ಲಿ ಎಲ್ಲಿ ಎಡವಿದ್ದೇನೆ?

ಪ್ರಶ್ನೆ

ನಾನು ಬೇಟೆಗೆ ಹೋಗುವ ಪ್ರದೇಶದಲ್ಲಿ ಸೀಸದ ಗುಂಡುಗಳನ್ನು ಬಳಸುವಂತಿಲ್ಲ ಎಂಬ ನಿಯಮ ಬಂದಿರುವುದರಿಂದ, ನನ್ನ ಮೂರು ರೈಫಲ್‌ಗಳಿಗೂ ಅಖಂಡ ತಾಮ್ರದ ಗುಂಡುಗಳುಳ್ಳ ಕಾರ್ಖಾನೆಯ ಕಾಡತೂಸುಗಳನ್ನು ತಂದು, ಕಳೆದ ಎರಡು ವಾರಾಂತ್ಯಗಳಲ್ಲಿ 100 ಮೀಟರ್ ದೂರದಿಂದ ಪರೀಕ್ಷಿಸಿದೆ. ಸೀಸದ ಗುಂಡಿನಲ್ಲಿ ಮೂರೂ ರೈಫಲ್‌ಗಳು 3ರಿಂದ 4 ಸೆಂ.ಮೀ. ಒಳಗೆ ಗ್ರೂಪ್ (ಒಂದೇ ಗುರಿಗೆ ಹಾರಿಸಿದ ಗುಂಡುಗಳ ತೂತುಗಳ ಗುಂಪು) ಕೊಡುತ್ತಿದ್ದವು. ಅವು ಬಳಸುವ ಕಾಡತೂಸಿನ ಹೆಸರಿನಿಂದಲೇ ರೈಫಲ್‌ಗಳನ್ನು ಕರೆದರೆ, ಈಗಿನ ಸ್ಥಿತಿ ಹೀಗಿದೆ.

ಹಳೆಯ .308 ವಿಂಚೆಸ್ಟರ್‌ನಲ್ಲಿ 180 ಗ್ರೇನ್‌ನ (ಸುಮಾರು 11.7 ಗ್ರಾಂ) ತಾಮ್ರದ ಗುಂಡು 9ರಿಂದ 11 ಸೆಂ.ಮೀ. ಚದುರುತ್ತಿದೆ, ಗುರಿಹಾಳೆಯ ಮೇಲಿನ ತೂತುಗಳೂ ಪೂರ್ತಿ ದುಂಡಗಿಲ್ಲ, ತುಸು ಮೊಟ್ಟೆಯಾಕಾರದಲ್ಲಿವೆ. .30-06 ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಮ್ಮೆ 2.5 ಸೆಂ.ಮೀ. ಗ್ರೂಪ್ ಬಂದರೆ ಮರುಗಳಿಗೆಯಲ್ಲೇ 7 ಸೆಂ.ಮೀ. ಆಗುತ್ತದೆ. .243 ವಿಂಚೆಸ್ಟರ್ ಮಾತ್ರ ಚಿಕ್ಕ ಗ್ರೂಪ್ ಕೊಡುತ್ತಿದೆ, ಆದರೆ ಗುರಿಗಿಂತ 7 ಸೆಂ.ಮೀ. ಕೆಳಗೆ, ಎಡಕ್ಕೆ.

ಪಕ್ಷಪಾತ ಬೇಡವೆಂದು ಮೂರು ಸೀಸದ ಗುಂಡು, ಮೂರು ತಾಮ್ರದ ಗುಂಡು, ಮತ್ತೆ ಮೂರು ಸೀಸದ್ದು ಎಂಬಂತೆ ಸರದಿಯಲ್ಲಿ ಹಾರಿಸಿದ್ದೇನೆ. ಬೆಳಗಿನ ಹೊತ್ತು, ಉಷ್ಣಾಂಶ ಸೊನ್ನೆಗಿಂತ 8 ಡಿಗ್ರಿ ಕೆಳಗಿತ್ತು. ತಾಮ್ರದ ಗುಂಡುಗಳೇ ಹೀಗೆಯೋ ಅಥವಾ ನನ್ನ ಪರೀಕ್ಷೆಯ ಕ್ರಮವೇ ತಪ್ಪೋ, ಬಲ್ಲವರು ತಿಳಿಸಬೇಕು.

ಉತ್ತರ 1

ಮೂರು ರೈಫಲ್‌ಗಳಿಗೂ ಒಂದೇ ಕಾಯಿಲೆ ಎಂದು ನೀವು ಭಾವಿಸಿದಂತಿದೆ. ನೀವು ಬರೆದಿರುವ ಲಕ್ಷಣಗಳನ್ನು ಓದಿದರೆ ಮೂರಕ್ಕೂ ಬೇರೆ ಬೇರೆ ಕಾಯಿಲೆ ಎನಿಸುತ್ತದೆ. .243ಕ್ಕಂತೂ ಕಾಯಿಲೆಯೇ ಇಲ್ಲ. ಗುಂಡಿನ ತೂಕ, ವೇಗ, ನಳಿಗೆಯೊಳಗೆ ಅದು ಕಳೆಯುವ ಸಮಯ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಗ್ರೂಪ್ ಚಿಕ್ಕದಿದ್ದರೆ ಸ್ಕೋಪಿನ (ಗುರಿ ನೋಡುವ ದೂರದರ್ಶಕ) ತಿರುಪುಗಳನ್ನು ತಿರುಗಿಸಿ ಹೊಸದಾಗಿ ಝೀರೋ ಮಾಡಿಕೊಳ್ಳಿ, ಅಂದರೆ ಗುರಿಯಿಟ್ಟ ಜಾಗಕ್ಕೇ ಗುಂಡು ಬೀಳುವಂತೆ ಹೊಂದಿಸಿಕೊಳ್ಳಿ, ಅಲ್ಲಿಗೆ ಮುಗಿಯಿತು.

.308ರ ಮೊಟ್ಟೆಯಾಕಾರದ ತೂತುಗಳು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡವು. ಗುಂಡು ಮೂತಿ ಮುಂದೆ ಮಾಡಿಕೊಂಡು ನೇರವಾಗಿ ಹೋಗದೆ ಓಲಾಡುತ್ತ ಹಾಳೆಯನ್ನು ತಲುಪುತ್ತಿದೆ ಎಂಬುದಕ್ಕೆ ಅವು ಸಾಕ್ಷಿ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ, ತಾಮ್ರದ್ದು 8.96 ಗ್ರಾಂ. ಹೀಗಾಗಿ ಅದೇ ವ್ಯಾಸ, ಅದೇ ತೂಕದ ಗುಂಡನ್ನು ತಾಮ್ರದಲ್ಲಿ ಮಾಡಬೇಕಾದರೆ ಅದನ್ನು ಉದ್ದ ಮಾಡದೆ ಬೇರೆ ದಾರಿಯಿಲ್ಲ, ಉದ್ದನೆಯ ಗುಂಡು ಸ್ಥಿರವಾಗಿ ಹಾರಬೇಕಾದರೆ ಹೆಚ್ಚು ವೇಗವಾಗಿ ತಿರುಗಲೇಬೇಕು. ತಿರುಗಿಸುವ ಕೆಲಸ ನಳಿಗೆಯ ಟ್ವಿಸ್ಟ್‌ನದು, ಅಂದರೆ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ತೋಡುಗಳ (ರೈಫ್ಲಿಂಗ್) ತಿರುವಿನದು; ಒಂದು ಸುತ್ತಿಗೆ ಇಂಚು ಕಡಿಮೆಯಾದಷ್ಟೂ ಗುಂಡು ಹೆಚ್ಚು ವೇಗವಾಗಿ ತಿರುಗುತ್ತದೆ. ಹಳೆಯ .308 ರೈಫಲ್‌ಗಳಲ್ಲಿ 12 ಇಂಚಿಗೆ ಒಂದು ಸುತ್ತಿನ ಟ್ವಿಸ್ಟ್ ಸಾಮಾನ್ಯ. ನಿಮ್ಮದೂ ಹಾಗೆಯೇ ಇರಬಹುದು.

ಊಹಿಸುವ ಅಗತ್ಯವಿಲ್ಲ, ಅಳೆಯಿರಿ. ರೈಫಲ್ ಖಾಲಿಯಿದೆ ಎಂದು ಖಚಿತಪಡಿಸಿಕೊಂಡು, ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಭಾಗ) ಹೊರತೆಗೆದು, ಹಿಡಿ ಸಡಿಲವಾಗಿ ತಿರುಗುವ ಕ್ಲೀನಿಂಗ್ ರಾಡ್‌ನ ತುದಿಗೆ ಬಿಗಿಯಾದ ಬಟ್ಟೆ ಸುತ್ತಿ ನಳಿಗೆಯೊಳಗೆ ತಳ್ಳಿ. ರಾಡ್‌ನ ಮೇಲ್ಭಾಗದಲ್ಲಿ ಪೆನ್ನಿನಿಂದ ಒಂದು ಗುರುತು ಮಾಡಿ, ನಿಧಾನವಾಗಿ ಹಿಂದಕ್ಕೆ ಎಳೆಯುತ್ತ ಬನ್ನಿ. ಗುರುತು ಒಂದು ಸುತ್ತು ಹಾಕಿ ಮತ್ತೆ ಮೇಲೆ ಬರುವಷ್ಟರಲ್ಲಿ ರಾಡ್ ಎಷ್ಟು ಇಂಚು ಹೊರಬಂದಿತೋ ಅದೇ ನಿಮ್ಮ ಟ್ವಿಸ್ಟ್. ಮೂರು ಸಲ ಅಳೆದು ನೋಡಿ, ಬಟ್ಟೆ ಜಾರಿದರೆ ಲೆಕ್ಕ ಕೆಡುತ್ತದೆ. ಗುಂಡಿನ ಉದ್ದವನ್ನು ತಯಾರಕರು ಸಾಮಾನ್ಯವಾಗಿ ಪ್ರಕಟಿಸಿರುತ್ತಾರೆ, ಅದನ್ನೂ ಇಲ್ಲಿ ಬರೆಯಿರಿ.

ಪ್ರಶ್ನೆ ಕೇಳಿದವರು

ಮೂರು ಸಲವೂ 12 ಇಂಚೇ ಬಂದಿತು. 180 ಗ್ರೇನ್ ತಾಮ್ರದ ಗುಂಡಿನ ಉದ್ದ, ಪ್ಲಾಸ್ಟಿಕ್ ತುದಿಯೂ ಸೇರಿ, 1.50 ಇಂಚು. ನಾನು ಮೊದಲು ಬಳಸುತ್ತಿದ್ದ ಅದೇ ತೂಕದ ಸೀಸದ ಗುಂಡು 1.25 ಇಂಚು. ಕಾಲು ಇಂಚಿನ ವ್ಯತ್ಯಾಸ ಇಷ್ಟೊಂದು ಕಾಡುತ್ತದೆಯೇ?

ಉತ್ತರ 1

ಕಾಡುತ್ತದೆ. ಡಾನ್ ಮಿಲ್ಲರ್ ಎಂಬವರು 2005ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ ಸ್ಥಿರತೆಯ ಅಂಕ 1ಕ್ಕಿಂತ ಕಡಿಮೆಯಾದರೆ ಗುಂಡು ಉರುಳುತ್ತದೆ, 1.5ರ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚಿದ್ದರೆ ನೆಮ್ಮದಿ. ಸೂತ್ರದಲ್ಲಿ ಉದ್ದವು ಹೆಚ್ಚುಕಡಿಮೆ ಘನದ ಪ್ರಮಾಣದಲ್ಲಿ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದಲೇ ಕಾಲು ಇಂಚು ಅಷ್ಟು ದುಬಾರಿ. ನಿಮ್ಮ ಅಳತೆಗಳನ್ನು ಹಾಕಿ ನೋಡಿದರೆ 12 ಇಂಚಿನ ಟ್ವಿಸ್ಟ್‌ನಲ್ಲಿ ಸೀಸದ ಗುಂಡಿಗೆ ಸುಮಾರು 1.7 ಬರುತ್ತದೆ, ತಾಮ್ರದ ಗುಂಡಿಗೆ 1.0 ಮಾತ್ರ. ಅದೇ ತಾಮ್ರದ ಗುಂಡನ್ನು 10 ಇಂಚಿನ ಟ್ವಿಸ್ಟ್‌ನಲ್ಲಿ ಹಾರಿಸಿದರೆ ಅಂಕ ಸುಮಾರು 1.45ಕ್ಕೆ ಏರುತ್ತದೆ. ಬೇಕಾದ ಟ್ವಿಸ್ಟ್ ಲೆಕ್ಕಹಾಕುವ ಗ್ರೀನ್‌ಹಿಲ್‌ನ 1879ರ ಹಳೆಯ ಸೂತ್ರವನ್ನು ದಯವಿಟ್ಟು ಹಾಗೆಯೇ ಬಳಸಬೇಡಿ; ಅದರ ಪ್ರಚಲಿತ ರೂಪ ಸೀಸದ ತಿರುಳಿನ ಗುಂಡಿನ ಸಾಂದ್ರತೆಯನ್ನೇ ಹಿಡಿದು ಹೊರಟದ್ದು, ತಾಮ್ರಕ್ಕೆ ತಿದ್ದುಪಡಿ ಮಾಡಿಕೊಳ್ಳದಿದ್ದರೆ ಸುಳ್ಳು ಧೈರ್ಯ ಕೊಡುತ್ತದೆ.

ಉತ್ತರ 2

ಮೇಲಿನ ಲೆಕ್ಕಕ್ಕೆ ಒಂದು ಸಣ್ಣ ತಿದ್ದುಪಡಿ. ಪ್ಲಾಸ್ಟಿಕ್ ತುದಿಯ ತೂಕ ತೀರಾ ಕಡಿಮೆಯಿರುವುದರಿಂದ ಅದನ್ನೂ ಲೋಹವೆಂಬಂತೆ ಪೂರ್ತಿ ಉದ್ದಕ್ಕೆ ಸೇರಿಸಿದರೆ ಅಂಕ ವಾಸ್ತವಕ್ಕಿಂತ ಕಡಿಮೆ ಬರುತ್ತದೆ. ತುದಿ ಒಂದು ಇಂಚಿನ ಹತ್ತನೇ ಒಂದರಷ್ಟು ಹೊರಚಾಚಿದೆ ಎಂದಿಟ್ಟುಕೊಂಡರೆ ನಿಮ್ಮ .308ರಲ್ಲಿ ಅಂಕ 1.15ರ ಹತ್ತಿರ ಇದ್ದೀತು. ಆದರೆ ಸಂತೋಷಪಡುವಂತಿಲ್ಲ, ಏಕೆಂದರೆ ಆ ಲೆಕ್ಕ 15 ಡಿಗ್ರಿ ಉಷ್ಣಾಂಶದ ಗಾಳಿಗೆ. ಚಳಿಯಲ್ಲಿ ಗಾಳಿ ದಟ್ಟವಾಗುತ್ತದೆ. ನೀವು ಹೇಳಿದ ಸೊನ್ನೆಗಿಂತ 8 ಡಿಗ್ರಿ ಕೆಳಗಿನ ಬೆಳಗಿನಲ್ಲಿ ಇನ್ನೊಂದು ಎಂಟು ಶೇಕಡಾ ಕಳೆಯಬೇಕು. .308ರಲ್ಲಿ 180 ಗ್ರೇನ್ ಗುಂಡು ಸೂತ್ರದ ಮೂಲ ವೇಗಕ್ಕಿಂತ ನಿಧಾನವಾಗಿ ಹೊರಡುತ್ತದೆ ಎಂಬುದನ್ನೂ ಸೇರಿಸಿದರೆ ಮತ್ತೆ 1.0ರ ಅಂಚಿಗೇ ಬಂದು ನಿಲ್ಲುತ್ತೇವೆ. ಬೇಸಿಗೆಯಲ್ಲಿ ಪರೀಕ್ಷಿಸಿ ಪರವಾಗಿಲ್ಲ ಎಂದುಕೊಂಡವರು ಚಳಿಗಾಲದ ಬೇಟೆಯಲ್ಲಿ ಮೋಸಹೋಗುವುದು ಹೀಗೆಯೇ.

ಪರಿಹಾರ ಸುಲಭ: ತೂಕ ಇಳಿಸಿ. 130 ಗ್ರೇನ್‌ನ ತಾಮ್ರದ ಗುಂಡು ಸುಮಾರು 1.15 ಇಂಚು ಉದ್ದವಿದ್ದರೆ ನಿಮ್ಮ ನಳಿಗೆಯಲ್ಲೇ 1.6ರಷ್ಟು ಅಂಕ ಸಿಗುತ್ತದೆ. ಹಗುರವಾಯಿತೆಂಬ ಅಳುಕು ಬೇಡ. ಸೀಸದ ಗುಂಡು ಒಳಹೊಕ್ಕ ಮೇಲೆ ಚೂರುಚೂರಾಗಿ ತೂಕ ಕಳೆದುಕೊಳ್ಳುತ್ತದೆ, ತಾಮ್ರದ್ದು ಅರಳಿದರೂ ಬಹುಪಾಲು ಇಡಿಯಾಗಿ ಉಳಿಯುತ್ತದೆ, ಹೀಗಾಗಿ ತೂಕಕ್ಕೆ ತೂಕ ಸಮ ಮಾಡುವ ಹಟವೇ ಇಲ್ಲಿ ಅನಗತ್ಯ. ಗುಂಡು ಅರಳಲು ಬೇಕಾದ ಕನಿಷ್ಠ ವೇಗವನ್ನು ಮಾತ್ರ ತಯಾರಕರ ಮಾಹಿತಿಯಲ್ಲಿ ನೋಡಿಕೊಂಡು, ನೀವು ಗುಂಡು ಹಾರಿಸುವ ಗರಿಷ್ಠ ದೂರದಲ್ಲಿ ಅಷ್ಟು ವೇಗ ಉಳಿದಿರುತ್ತದೆಯೇ ಎಂದು ಪರಿಶೀಲಿಸಿ.

ಉತ್ತರ 3

.30-06ರ ಬಗ್ಗೆ ಯಾರೂ ಮಾತಾಡಿಲ್ಲ. ಅದರ ಟ್ವಿಸ್ಟ್ ಸಾಮಾನ್ಯವಾಗಿ 10 ಇಂಚು, ಆದ್ದರಿಂದ ಸ್ಥಿರತೆಯ ತೊಂದರೆ ಇರಲಾರದು; ಒಮ್ಮೆ 2.5 ಸೆಂ.ಮೀ. ಬಂದದ್ದೂ ಅದನ್ನೇ ಹೇಳುತ್ತದೆ. ಪಕ್ಷಪಾತ ಬೇಡವೆಂದು ನೀವು ಮಾಡಿದ ಸರದಿಯೇ ಅಲ್ಲಿ ಮುಳುವಾಗಿದೆ. ಸೀಸದ ತಿರುಳಿನ ಗುಂಡುಗಳ ಕವಚ ಸಾಮಾನ್ಯವಾಗಿ ತಾಮ್ರ ಮತ್ತು ಸತುವಿನ ಮಿಶ್ರಲೋಹ, ಅಖಂಡ ಗುಂಡುಗಳಲ್ಲಿ ಹಲವು ಬರಿಯ ತಾಮ್ರ. ಒಂದು ಬಿಟ್ಟುಹೋದ ಪದರದ ಮೇಲೆ ಇನ್ನೊಂದು ಉಜ್ಜಿಕೊಂಡು ಹೋದಾಗ ನಳಿಗೆ ಯಾವುದಕ್ಕೂ ಒಗ್ಗಿಕೊಳ್ಳುವುದಿಲ್ಲ. ಪ್ರತಿ ಸರದಿಯ ಮೊದಲ ಗುಂಡುಗಳು ಹಿಂದಿನದರ ಕೊಳೆಯನ್ನು ಅಳೆಯುತ್ತಿವೆಯೇ ಹೊರತು ಹೊಸ ಕಾಡತೂಸಿನ ನಿಖರತೆಯನ್ನಲ್ಲ.

ತಾಮ್ರ ಕರಗಿಸುವ ದ್ರಾವಣದಿಂದ ನಳಿಗೆಯನ್ನು ಲೋಹ ಕಾಣುವವರೆಗೆ ಸ್ವಚ್ಛಗೊಳಿಸಿ. ನಂತರ ಒಂದೇ ಬಗೆಯ ಕಾಡತೂಸನ್ನು ಹಿಡಿದುಕೊಳ್ಳಿ, ಮೊದಲ 5ರಿಂದ 10 ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯದೆ ಹಾರಿಸಿ, ಆಮೇಲೆ ಗ್ರೂಪ್ ಶುರುಮಾಡಿ. ಬೇಟೆಯ ರೈಫಲ್‌ನ ತೆಳುವಾದ ನಳಿಗೆ ಬೇಗ ಕಾಯುತ್ತದೆ, ಗುಂಡುಗಳ ನಡುವೆ ಒಂದೆರಡು ನಿಮಿಷ, ಗ್ರೂಪ್‌ಗಳ ನಡುವೆ ಕೈಯಿಟ್ಟರೆ ತಣ್ಣಗೆನ್ನಿಸುವವರೆಗೆ ಬಿಡಿ. ಸ್ಕೋಪ್ ಮೌಂಟ್ ಮತ್ತು ಆ್ಯಕ್ಷನ್‌ನ (ಬೋಲ್ಟ್ ಕೂರುವ ಲೋಹದ ಭಾಗ) ಸ್ಕ್ರೂಗಳನ್ನು ಮೊದಲೇ ನೋಡಿಕೊಳ್ಳಿ. ಇದನ್ನು ಹೇಳಬೇಕಾಗಿಲ್ಲ ಎಂದುಕೊಂಡೇ ನಾನೊಮ್ಮೆ ನಲವತ್ತು ಕಾಡತೂಸು ವ್ಯರ್ಥ ಮಾಡಿದ್ದೇನೆ.

ಪ್ರಶ್ನೆ ಕೇಳಿದವರು

ಮೂರು ದಿನಗಳಿಂದ .30-06 ಅನ್ನು ತೊಳೆಯುತ್ತಲೇ ಇದ್ದೇನೆ. ದ್ರಾವಣ ಹಾಕಿ, ಹದಿನೈದು ನಿಮಿಷ ಬಿಟ್ಟು, ಬ್ರಷ್ ಆಡಿಸಿ, ಬಟ್ಟೆ ಎಳೆದರೆ ಪ್ರತಿಸಲವೂ ನೀಲಿ ಬಣ್ಣ ಬರುತ್ತದೆ. ಇಷ್ಟೊಂದು ತಾಮ್ರ ಆ ನಳಿಗೆಯಲ್ಲಿ ಎಲ್ಲಿ ಅಡಗಿತ್ತೋ ತಿಳಿಯದು.

ಉತ್ತರ 3

ಬ್ರಷ್ ಕಂಚಿನದೇ? ಬಟ್ಟೆ ಸಿಕ್ಕಿಸುವ ಜ್ಯಾಗ್ ಹಿತ್ತಾಳೆಯದೇ? ಹಾಗಿದ್ದರೆ ದ್ರಾವಣ ತಿನ್ನುತ್ತಿರುವುದು ನಿಮ್ಮ ಸಲಕರಣೆಗಳನ್ನೇ, ಆ ಎರಡು ಲೋಹಗಳಲ್ಲೂ ತಾಮ್ರವಿದೆ. ನೈಲಾನ್ ಬ್ರಷ್ ಮತ್ತು ತಾಮ್ರವಿಲ್ಲದ ಲೋಹದ ಜ್ಯಾಗ್ ಬಳಸಿ ನೋಡಿ. ದ್ರಾವಣವನ್ನು ಅದರ ಡಬ್ಬಿಯ ಮೇಲೆ ಬರೆದಿರುವುದಕ್ಕಿಂತ ಹೆಚ್ಚು ಹೊತ್ತು ನಳಿಗೆಯಲ್ಲಿ ಬಿಡಬೇಡಿ, ಕೊನೆಯಲ್ಲಿ ಎಣ್ಣೆಯ ಬಟ್ಟೆ ಎಳೆಯಿರಿ, ಗುಂಡು ಹಾರಿಸುವ ಮುನ್ನ ಆ ಎಣ್ಣೆಯನ್ನು ಒರೆಸಿ ತೆಗೆಯಿರಿ.

ಉತ್ತರ 4

ಮೂರು ಗುಂಡಿನ ಗ್ರೂಪ್‌ಗಳ ಮೇಲೆ ಇಷ್ಟು ದೊಡ್ಡ ತೀರ್ಮಾನಕ್ಕೆ ಬರುವುದನ್ನು ನಾನು ಒಪ್ಪಲಾರೆ. ಗುಂಡುಗಳ ಚದುರುವಿಕೆಯ ಮಾನಕ ವಿಚಲನೆ (ನಡುಬಿಂದುವಿನಿಂದ ಗುಂಡುಗಳು ಸಾಮಾನ್ಯವಾಗಿ ಎಷ್ಟು ಸರಿಯುತ್ತವೆ ಎಂಬ ಅಳತೆ) ಅಡ್ಡಕ್ಕೂ ಉದ್ದಕ್ಕೂ ತಲಾ 1 ಸೆಂ.ಮೀ. ಇರುವ ಒಂದು ರೈಫಲ್ ಇದೆ ಎಂದುಕೊಳ್ಳಿ. ಅದರ 3 ಗುಂಡಿನ ಗ್ರೂಪ್ ಸರಾಸರಿ 2.4 ಸೆಂ.ಮೀ., 5 ಗುಂಡಿನದು 3.1, 10 ಗುಂಡಿನದು 3.8 ಬರುತ್ತದೆ. ರೈಫಲ್ ಅದೇ, ಕಾಡತೂಸು ಅದೇ, ಬದಲಾದದ್ದು ಎಣಿಕೆ ಮಾತ್ರ. ಮೇಲಾಗಿ ಇವೆಲ್ಲ ಸರಾಸರಿಗಳು. ಒಂದೊಂದು 3 ಗುಂಡಿನ ಗ್ರೂಪ್ ಅದೃಷ್ಟವಿದ್ದರೆ ಅರ್ಧಕ್ಕಿಳಿಯಬಹುದು, ಇಲ್ಲದಿದ್ದರೆ ಒಂದೂವರೆ ಪಟ್ಟಾಗಬಹುದು. ನಿಮ್ಮ 2.5 ಸೆಂ.ಮೀ. ಗ್ರೂಪ್ ಅಂಥ ಅದೃಷ್ಟದ ಕೂಸಾಗಿರಬಹುದು. ಕನಿಷ್ಠ ಐದೈದು ಗುಂಡಿನ ಎರಡು ಗ್ರೂಪ್ ಹಾರಿಸಿ, ಎರಡನ್ನೂ ಒಂದೇ ಹಾಳೆಗೆ ಇಳಿಸಿ ನೋಡಿ. ಗಾಳಿ ಬಂತು, ಕೈ ನಡುಗಿತು ಎಂದು ದೂರ ಬಿದ್ದ ಗುಂಡನ್ನು ಬಿಟ್ಟು ಅಳೆಯುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಟ್ರಿಗರ್ ಎಳೆದ ಕ್ಷಣದಲ್ಲೇ, ಹಾಳೆಯನ್ನು ನೋಡುವ ಮೊದಲು, ಅದು ಕೆಟ್ಟಿತೆಂದು ಬಾಯಿಬಿಟ್ಟು ಹೇಳಿದ್ದರೆ ಮಾತ್ರ ಬಿಡಬಹುದು.

ಉತ್ತರ 5

ಇದೇ ಸಂದರ್ಭದಲ್ಲಿ ನನ್ನದೊಂದು ಉಪಪ್ರಶ್ನೆ. ನಾನು ಕಾಡತೂಸುಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತೇನೆ. ಸೀಸದ 165 ಗ್ರೇನ್ ಗುಂಡಿಗೆ ಬಳಸುತ್ತಿದ್ದ ಮದ್ದಿನ ಪ್ರಮಾಣವನ್ನೇ ಅದೇ ತೂಕದ ತಾಮ್ರದ ಗುಂಡಿಗೂ ಹಾಕಬಹುದೇ?

ಉತ್ತರ 2

ಖಂಡಿತ ಹಾಕಬಾರದು. ಉದ್ದನೆಯ ಗುಂಡು ಮದ್ದು ತುಂಬುವ ಕಾಡತೂಸಿನ ಕೋಶದೊಳಗೆ ಹೆಚ್ಚು ಜಾಗ ತಿನ್ನುತ್ತದೆ, ಸೀಸದ ತಿರುಳಿನಂತೆ ಒತ್ತಡಕ್ಕೆ ಮಣಿಯುವುದೂ ಇಲ್ಲ, ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಆಯಾ ಗುಂಡಿಗೆಂದೇ ಪ್ರಕಟವಾದ ಪ್ರಮಾಣಗಳನ್ನಷ್ಟೇ, ಅದರಲ್ಲೂ ಕನಿಷ್ಠ ಪ್ರಮಾಣದಿಂದ ಆರಂಭಿಸಿ ಬಳಸಿ. ನಿಖರತೆಯ ಮಾತಿಗೆ ಬಂದರೆ, ತಾಮ್ರದ ಗುಂಡುಗಳು ಸಾಮಾನ್ಯವಾಗಿ ರೈಫ್ಲಿಂಗ್ ಶುರುವಾಗುವ ಜಾಗದಿಂದ ತುಸು ದೂರ ಕೂರಲು ಇಷ್ಟಪಡುತ್ತವೆ. ಒಂದು ಇಂಚಿನ ನೂರನೇ ಐದರಷ್ಟು ಅಂತರದಿಂದ ಪ್ರಯೋಗ ಶುರುಮಾಡುವವರು ಬಹಳ ಮಂದಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ನೈಲಾನ್ ಬ್ರಷ್ ತಂದ ಮೇಲೆ ಎರಡನೇ ಬಟ್ಟೆಯೇ ಬೆಳ್ಳಗೆ ಬಂದಿತು. ಮೂರು ದಿನ ನಾನು ತೊಳೆದದ್ದು ನನ್ನ ಹಳೆಯ ಬ್ರಷ್ಷನ್ನೇ. .30-06ರಲ್ಲಿ ಮೊದಲ ಎಂಟು ಗುಂಡುಗಳನ್ನು ಬಿಟ್ಟು, ಐದೈದರ ಎರಡು ಗ್ರೂಪ್ ಹಾರಿಸಿದಾಗ 3.4 ಮತ್ತು 3.9 ಸೆಂ.ಮೀ. ಬಂದವು. ಹತ್ತನ್ನೂ ಒಂದೇ ಹಾಳೆಗೆ ಇಳಿಸಿದರೆ 4.6. ಹಳೆಯ 2.5ನ್ನು ಕಂಡಿದ್ದ ಕಣ್ಣಿಗೆ ಸ್ವಲ್ಪ ನಿರಾಸೆಯಾದರೂ, ಈ ಅಂಕಿಯನ್ನು ನಂಬಬಹುದು ಎನಿಸಿದೆ. .243 ಅನ್ನು ಹೊಸದಾಗಿ ಝೀರೋ ಮಾಡಿ, 200 ಮೀಟರಿನಲ್ಲೂ ನೋಡಿಕೊಂಡೆ.

.308ಕ್ಕೆ 130 ಗ್ರೇನ್‌ನ ಕಾಡತೂಸು ತಂದೆ. ಅದೇ ಚಳಿ, ಅದೇ ಬೆಂಚು. ತೂತುಗಳೆಲ್ಲ ದುಂಡಗಿವೆ, ಹತ್ತು ಗುಂಡಿನ ಗ್ರೂಪ್ 4.8 ಸೆಂ.ಮೀ. ಉಳಿದಿದ್ದ 180 ಗ್ರೇನ್‌ನ ಒಂದೂವರೆ ಡಬ್ಬಿಯನ್ನು ಏನು ಮಾಡುವುದೆಂದು ಯೋಚಿಸಿ, 10 ಇಂಚಿನ ಟ್ವಿಸ್ಟ್‌ನ .308 ರೈಫಲ್ ಇರುವ ಗೆಳೆಯರೊಬ್ಬರಿಗೆ ಅದೇ ಬೆಳಗ್ಗೆ ಕೊಟ್ಟೆ. ನನ್ನ ಕೈಯಲ್ಲಿ 11 ಸೆಂ.ಮೀ. ಚದುರಿದ್ದ ಅದೇ ಡಬ್ಬಿಯಿಂದ ಅವರು ಐದು ಗುಂಡುಗಳನ್ನು 3.2 ಸೆಂ.ಮೀ. ಒಳಗೆ ಇಟ್ಟರು. ಇನ್ನೊಂದು ಡಬ್ಬಿ ಇದೆಯೇ ಎಂದು ಕೇಳುತ್ತಿದ್ದಾರೆ.